ಎರಡು ಮಡಿ

ಕನ್ನಡದಲ್ಲಿ ಮಡಿ ಅಂದರೆ ಎರಡು. ಒಂದು, ಮಣ್ಣು ಅಗೆದು, ಗೊಬ್ಬರ ಕೂಡಿಸಿ, ಬದು ಕಟ್ಟಿ ಸಸಿ ಹಚ್ಚೋ ಜಾಗ. ಇನ್ನೊಂದು, 'ದೂರ ನಿಲ್ಲು, ಮಡಿಯಲ್ಲಿದ್ದೇನೆ' ಅನ್ನೋ ಮಾತಿನಲ್ಲಿರುವ ಮಡಿ. ಮೊದಲನೆಯದು ಮುಟ್ಟದೆ ಆಗುವುದಿಲ್ಲ. ಎರಡನೆಯದು ಮುಟ್ಟಿದರೆ ಉಳಿಯುವುದಿಲ್ಲ. ಇವೆರಡೂ ಒಂದೇ ಬೇರಿನ ಮಾತೋ ಬೇರೆ ಬೇರೆಯೋ, ಅದನ್ನು ನಿಘಂಟಿನ ಪಂಡಿತರು ನೋಡಿಕೊಳ್ಳಲಿ. ನನ್ನ ತಕರಾರು ಬೇರೆ. ಮೊದಲನೇ ಮಡಿ ಮಾಡಿದವರನ್ನು ಎರಡನೇ ಮಡಿ ಹೊರಗೆ ನಿಲ್ಲಿಸಿತಲ್ಲ, ಅದರ ಬಗ್ಗೆ.

ಈ ಮಾತು ಈಗ ಯಾಕೆ ಬಂತೆಂದರೆ, ರಾಯಚೂರು ಕಡೆಯ ಒಂದು ಹಳ್ಳಿಯಲ್ಲಿ ಮಾಸ್ತರರಾಗಿರುವ ಗೆಳೆಯರೊಬ್ಬರು ಕಳೆದ ಮಾರ್ಚಿನಲ್ಲಿ ಸಿಕ್ಕಿದ್ದರು. ಸಾಲಿ ಅಂಗಳದಲ್ಲಿ ಹತ್ತು ಹೊಸ ಮಡಿ ಮಾಡಬೇಕೆಂದಿದ್ದೇವೆ, ಈಗಲೇ ಸಸಿ ಹಚ್ಚಿದರೆ ಜೂನ್ 5ರ ಪರಿಸರ ದಿನಕ್ಕೆ ಹೂ ಬಿಟ್ಟಿರುತ್ತವೆ, ಹೇಗೆ ಮಾಡಬೇಕು ಹೇಳ್ರಿ ಎಂದರು. ನನಗೂ ಹುರುಪಾಯಿತು. ಆಮೇಲೆ ಕೇಳಿದೆ: ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯತನಕ ರಜೆ, ನೀರು ಹೊರೋರು ಯಾರು? ಅವರು ತಡವರಿಸಲಿಲ್ಲ. "ಅದಕ್ಕೇನ್ರೀ, ಕೇರಿ ಹುಡುಗ್ರು ಅದಾರ. ಸಾಲಿ ಬಾಜೂಕ ಅವರ ಮನಿ. ಅವರಿಗೆ ರೂಢಿನೂ ಅದ."

ಈ ಮನುಷ್ಯ ಕೆಟ್ಟವರಲ್ಲ. ನಮ್ಮ ಸಭೆಗಳಿಗೆ ಬರುವವರು, ಪತ್ರಿಕೆಗೆ ಚಂದಾ ಕೊಡುವವರು. ಅದಕ್ಕೇ ಆ 'ರೂಢಿ' ಅನ್ನೋ ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

ರೂಢಿ ನನಗೂ ಇತ್ತು. ಐದನೇ ಕ್ಲಾಸಿನಲ್ಲಿ ನಾವು ಕೇರಿಯ ನಾಲ್ಕು ಹುಡುಗರು ಹಳ್ಳದ ಒರತೆಯಿಂದ ನೀರು ಹೊತ್ತು ಸಾಲಿಯ ಚೆಂಡು ಹೂವಿನ ಮಡಿಗೆ ಹಾಕುತ್ತಿದ್ದೆವು. ಕ್ಲಾಸಿನ ಮೂಲೆಯಲ್ಲಿ ಕುಡಿಯೋ ನೀರಿನ ಗಡಿಗೆ ಇತ್ತು. ಅದಕ್ಕೆ ನಮ್ಮ ಕೈ ತಾಗೋ ಹಾಗಿರಲಿಲ್ಲ. ಬೇರೆಯವರು ಮೇಲಿಂದ ಸುರಿದರೆ ಬೊಗಸೆ ಒಡ್ಡಿ ಕುಡಿಯಬೇಕು. ಶುಕ್ರವಾರ ಸರಸ್ವತಿ ಪಟಕ್ಕೆ ಮಾಲೆ. ಆ ಹೂ ಕೀಳುವ ಹುಡುಗ ಬೇರೆ. ನಾವು ಕಿತ್ತರೆ ಮೈಲಿಗೆಯಂತೆ.

ಆಗ ಬೈಸಿಕೊಂಡು ಸುಮ್ಮನಾಗಿದ್ದೆ. ಈಗ ಕೇಳುತ್ತೇನೆ. ನೀರು ನಮ್ಮ ಕೊಡದಲ್ಲಿದ್ದಾಗ ಮೈಲಿಗೆ, ಹೂವಾಗಿ ದೇವರ ಕೊರಳಿಗೆ ಬಿದ್ದಾಗ ಶುದ್ಧ. ಹಾಗಾದರೆ ನಡುವೆ ಎಲ್ಲಿ ಈ ಮೈಲಿಗೆ ಕಳಚಿಕೊಂಡಿತು? ಮಣ್ಣಿಗೆ ಸುರಿದಾಗಲೋ, ಬೇರು ಹೀರಿದಾಗಲೋ, ದಂಟು ಹತ್ತಿ ಮೊಗ್ಗಾದಾಗಲೋ? ಯಾವ ಗಿಣ್ಣಿನಲ್ಲಿ? ಇದಕ್ಕೆ ಯಾವ ಸಸ್ಯಶಾಸ್ತ್ರದಲ್ಲೂ ಉತ್ತರವಿಲ್ಲ, ಯಾಕೆಂದರೆ ಮೈಲಿಗೆ ನೀರಿನಲ್ಲಿ ಇರಲೇ ಇಲ್ಲ. ಕೆಲಸ ಬೇಕು, ಕೆಲಸ ಮಾಡಿದವನು ಬೇಡ ಅನ್ನೋರ ಅನುಕೂಲದಲ್ಲಿತ್ತು. ಊರಿನ ಬಟ್ಟೆಯನ್ನೆಲ್ಲ ಒಗೆದು ಮಡಿ ಮಾಡಿಕೊಟ್ಟ ಮಡಿವಾಳರನ್ನು ಹೊಸ್ತಿಲ ಹೊರಗೇ ನಿಲ್ಲಿಸಿದ್ದೂ ಇದೇ ಅನುಕೂಲ. ಜಾತಿ ಹಂಚೋದು ಬರೀ ಕೆಲಸವನ್ನಲ್ಲ, ಕೆಲಸ ಮಾಡೋ ಮನುಷ್ಯರನ್ನೇ ಮೇಲೆ ಕೆಳಗೆ ಮಾಡಿ ಹಂಚುತ್ತದೆ ಎಂದು ಅಂಬೇಡ್ಕರ್ 1936ರ 'ಜಾತಿ ವಿನಾಶ'ದಲ್ಲಿ ವಾದಿಸಿದರು. ನಮ್ಮ ಮಾಸ್ತರರು ಅದನ್ನು ಓದಿದ್ದಾರೆ. ಓದಿಯೂ 'ರೂಢಿ ಅದ' ಎಂದರು. ಈ ರೂಢಿ ಹೂವಿನ ಮಡಿಗೇ ನಿಲ್ಲುವುದಿಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಒಂದು ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಶೌಚದ ಗುಂಡಿಗಿಳಿಸಿ ಸ್ವಚ್ಛ ಮಾಡಿಸಿದ ಸುದ್ದಿ ಎಲ್ಲರೂ ನೋಡಿದ್ದೇವೆ. ಗಿಡಕ್ಕೆ ನೀರು ಹಾಕೋಕೆ ಮಕ್ಕಳನ್ನು ಆರಿಸೋ ಕಣ್ಣೂ ಗುಂಡಿಗೆ ಇಳಿಸೋಕೆ ಆರಿಸೋ ಕಣ್ಣೂ ಬೇರೆಯಲ್ಲ.

ಇನ್ನು ನೀರಿನ ಲೆಕ್ಕ. ಹತ್ತು ಅಡಿ ಉದ್ದ, ನಾಲ್ಕು ಅಡಿ ಅಗಲದ ಮಡಿ ಅಂದರೆ ಸುಮಾರು 3.7 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ನಮ್ಮ ಕಡೆ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಬರಿಮಣ್ಣಿನ ಮೈ ಅದಕ್ಕಿಂತಲೂ ಹತ್ತು ಹದಿನೈದು ಡಿಗ್ರಿ ಹೆಚ್ಚು ಕಾಯುತ್ತದೆ. ದಿನಕ್ಕೆ ಏಳು ಮಿಲಿಮೀಟರ್ ಆರಿ ಹೋಗುತ್ತದೆ ಎಂದು ಕಡಿಮೆಯೇ ಹಿಡಿಯೋಣ. ಒಂದು ಮಡಿಗೆ 26 ಲೀಟರ್, ಎರಡು ಕೊಡ. ಹತ್ತು ಮಡಿಗೆ 20 ಕೊಡ, ದಿನಾ. ಐವತ್ತು ದಿನಕ್ಕೆ ಸಾವಿರ ಕೊಡ. ಸಾವಿರ ಕೊಡ ನೀರು ಹನ್ನೆರಡು ವರ್ಷದ ಹುಡುಗರ ತಲೆಯ ಮೇಲೆ, ಒಂದು ದಿನದ ಭಾಷಣಕ್ಕೆ ಹಿನ್ನೆಲೆಯಾಗಿ ಹೂ ಇರಲಿ ಅಂತ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ಎಂದು ಗೊತ್ತು ಮಾಡಿದೆ. ಅಂದರೆ ಈ ಹತ್ತು ಮಡಿ ಹೆಚ್ಚುಕಡಿಮೆ ಐದು ಜನರ ಪಾಲು ಕುಡಿಯುತ್ತವೆ.

ಇಷ್ಟು ಕೇಳಿದ ಕೂಡಲೇ ಸಂಘಟನೆಯ ಒಬ್ಬ ಗೆಳೆಯ ಹಾರಿ ಬಿದ್ದ. "ಕುಡಿಯಾಕ ನೀರಿಲ್ಲ, ನಿಮಗ ಹೂವಿನ ಚಿಂತಿ. ಹೂವು ಹೊಟ್ಟಿ ತುಂಬಿದವರ ಷೋಕಿ." ಈ ಮಾತನ್ನೂ ನಾನು ಒಪ್ಪುವುದಿಲ್ಲ. ಬಡವನಿಗೆ ಅನ್ನ ಸಾಕು, ಚೆಲುವು ಯಾಕೆ ಅನ್ನೋದು ನಮ್ಮ ಮಾತಲ್ಲ, ನಮ್ಮ ಮೇಲೆ ಆಳಿದವರದು. ಗೋಡೆಗೆ ಗೋಡೆ ತಾಗಿ ಕಾಲಿಡೋಕೆ ಜಾಗವಿಲ್ಲದ ಕೇರಿಯಲ್ಲೂ ಒಡೆದ ಗಡಿಗೆಯಲ್ಲಿ, ಡಾಲ್ಡಾ ಡಬ್ಬಿಯಲ್ಲಿ ನಮ್ಮ ಹೆಣ್ಣುಮಕ್ಕಳು ಕನಕಾಂಬರ ಹಚ್ಚಿದ್ದಾರೆ. ಅದು ಷೋಕಿಯೇ? ಹೂ ಬೇಕು. ಯಾರ ಬೆನ್ನಿನ ಮೇಲೆ ಅನ್ನೋದು ಪ್ರಶ್ನೆ.

ಹೂವಿನ ಪ್ರಶ್ನೆ ನೀರಿನ ಪ್ರಶ್ನೆಯಿಂದ ಬೇರೆಯಲ್ಲ ಅನ್ನೋದು ಜ್ಯೋತಿಬಾ ಫುಲೆಯವರಿಗೆ ಗೊತ್ತಿತ್ತು. ಅವರ ಮನೆತನದ ಹೆಸರು ಮೊದಲು ಗೋರ್ಹೆ. ಹಿರೀಕರು ಪುಣೆಯ ಪೇಶ್ವೆಗಳಿಗೆ ಹೂ ಒದಗಿಸುತ್ತಿದ್ದ ಮಾಲಿಗಳಾದ್ದರಿಂದ ಫುಲೆ ಆಯಿತು. ಆ ಹೂವಿನ ಮನೆಯ ಮಗ 1868ರಲ್ಲಿ ತನ್ನ ಮನೆಯ ನೀರಿನ ಹೌದನ್ನು ಅಸ್ಪೃಶ್ಯರಿಗೆ ತೆರೆದ. ಅದೇ ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರು ಉಗುಳು ನೆಲಕ್ಕೆ ಬೀಳದಂತೆ ಕೊರಳಿಗೆ ಮಡಕೆ ಕಟ್ಟಿಕೊಂಡು ತಿರುಗಬೇಕಿತ್ತು ಎಂಬುದನ್ನು ಅಂಬೇಡ್ಕರ್ ಬರೆದಿದ್ದಾರೆ. ಮುಂದೆ 1927ರ ಮಾರ್ಚ್ 20ರಂದು ಅಂಬೇಡ್ಕರ್ ಮತ್ತು ಸಾವಿರಾರು ಜನ ಮಹಾಡದ ಚವದಾರ ಕೆರೆಯ ನೀರು ಕುಡಿದಾಗ, ಸವರ್ಣರು 108 ಕೊಡ ನೀರು ಎತ್ತಿ, ಅದಕ್ಕೆ ಸಗಣಿ ಗಂಜಲ ಹಾಲು ಮೊಸರು ಬೆರೆಸಿ, ಮಂತ್ರ ಹೇಳಿ ಕೆರೆಗೇ ಸುರಿದು 'ಶುದ್ಧ' ಮಾಡಿದರು. ಕೋರ್ಟಿನಲ್ಲಿ ಗೆಲ್ಲೋಕೆ 1937 ಬರಬೇಕಾಯಿತು. ಅದೆಲ್ಲ ಹಳೇ ಕಾಲ ಅನ್ನೋರಿಗೆ: 2022ರ ನವೆಂಬರಿನಲ್ಲಿ ಚಾಮರಾಜನಗರ ತಾಲೂಕಿನ ಹೆಗ್ಗೋಠಾರದಲ್ಲಿ ಮದುವೆಗೆ ಬಂದ ದಲಿತ ಹೆಣ್ಣುಮಗಳು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳೆಂದು ತೊಂಬೆ ಖಾಲಿ ಮಾಡಿ ಗಂಜಲದಿಂದ ತೊಳೆದರು.

ಸಗಣಿ ಗಂಜಲದ ಮಾತು ಬಂತು. ಅವುಗಳ ಸರಿಯಾದ ಜಾಗ ತೊಂಬೆಯಲ್ಲ, ಗಿಡದ ಮಡಿ. ಅದೂ ಹಸಿಯಾಗಿಯಲ್ಲ. ಇದು ನನ್ನ ಅವ್ವನ ವಿದ್ಯೆ. ಅವಳು ಓದಿದವಳಲ್ಲ, ಗೌಡರ ತೋಟದಲ್ಲಿ ಕೂಲಿ ಮಾಡಿ ಕಲಿತವಳು. "ಹಸಿ ಸಗಣಿ ಬೆಂಕಿ ಇದ್ದಂಗಪ, ಬೇರು ಸುಡತದ. ತಿಪ್ಯಾಗ ಕಳಿಲಿ, ಮಣ್ಣಿನ ವಾಸನಿ ಬಂದ ಮ್ಯಾಲೆ ಹಾಕು" ಅನ್ನುತ್ತಿದ್ದಳು. ಬೇಸಿಗೆಯಲ್ಲಿ ಮಡಿ ಏರಿಸಬಾರದು, ಇಳಿಸಬೇಕು ಅನ್ನೋದೂ ಅವಳದೇ. ಏರುಮಡಿ ಮಳೆ ಸೀಮೆಗೆ ಸರಿ. ಇಲ್ಲಿ ಅದರ ನಾಲ್ಕೂ ಕಡೆ ಬಿಸಿಗಾಳಿ ಬಡಿದು ಮಣ್ಣು ಬೂದಿಯಾಗುತ್ತದೆ. ನಡೆಯೋ ದಾರಿಗಿಂತ ಅರ್ಧ ಅಡಿ ತಗ್ಗಾದರೆ ಹಾಕಿದ ನೀರು ಅಲ್ಲೇ ಇಂಗುತ್ತದೆ. (ಇದು ಮಸಾರಿ ಭೂಮಿಯ ಮಾತು. ಎರೆ ನೆಲದಲ್ಲಿ ತಗ್ಗು ಮಾಡಿದರೆ ಮಳೆ ಬಂದಾಗ ಹೊಂಡವಾಗುತ್ತದೆ. ಅಲ್ಲಿ ಸಮಮಡಿ ಮಾಡಿ ಹೆಚ್ಚಾದ ನೀರಿಗೆ ದಾರಿ ಬಿಡಬೇಕು.) ಮೇಲೆ ಜೋಳದ ದಂಟು, ಶೇಂಗಾ ಹೊಟ್ಟು, ಒಣಗಿದ ಎಲೆ ನಾಲ್ಕು ಬೆರಳು ದಪ್ಪ ಮುಚ್ಚಿದರೆ ನೀರಿನ ಖರ್ಚು ಎಷ್ಟೋ ಇಳಿಯುತ್ತದೆ. ಪಡುವಣ ದಿಕ್ಕಿಗೆ ಹಂದರ. ಮಧ್ಯಾಹ್ನ ನೀರು ಬೇಡ, ಪೈಪಿನ ನೀರೂ ಕುದ್ದಿರುತ್ತದೆ. ದಿನಾ ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲೇ ಉಳಿದು ಸಾಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಆಳಕ್ಕೆ ಇಳಿಯೋ ಹಾಗೆ ಉಣಿಸಬೇಕು.

ಅವ್ವ ಮಡಿಯ ನಡುವೆ ಮಡಕೆ ಹೂಳುತ್ತಿದ್ದಳು. ಕುಂಬಾರರ ಹತ್ತಿರದ, ಬಣ್ಣ ಹಚ್ಚದ ಮಣ್ಣಿನ ಮಡಕೆ, ಕೊರಳಿನ ತನಕ ನೆಲದೊಳಗೆ. ನೀರು ತುಂಬಿ ಬಾಯಿಗೆ ಹೆಂಚಿನ ಚೂರು ಮುಚ್ಚಬೇಕು. ಸುತ್ತಲ ಮಣ್ಣು ಆರಿದಷ್ಟೂ ಮಡಕೆ ಜಿನುಗುತ್ತದೆ, ಮಣ್ಣು ಹಸಿಯಾದರೆ ನಿಧಾನವಾಗುತ್ತದೆ. ಗಿಡಗಳು ಸುತ್ತ ಕೂತು ಬೇಕಾದಷ್ಟು ಎಳೆದುಕೊಳ್ಳುತ್ತವೆ. ಪುಂಡಿಪಲ್ಯ, ಚವಳಿಕಾಯಿ, ಬೆಂಡೆ ಈ ಬಿಸಿಲನ್ನು ತಡೆಯುತ್ತವೆ. ಟೊಮ್ಯಾಟೊ ಹೂ ಬಿಟ್ಟರೂ ಕಾಯಿ ಕಚ್ಚದೆ ಉದುರುತ್ತದೆ. ನಮ್ಮ ಮಡಕೆಗೆ ಹೋಗುತ್ತಿದ್ದದ್ದು ಪಾತ್ರೆ ತೊಳೆಯೋ ಮೊದಲು ಅಕ್ಕಿ ಬೇಳೆ ತೊಳೆದ ನೀರು. ಬಚ್ಚಲ ನೀರು ಹಿತ್ತಲ ಬಾಳೆಗೆ. ಮಡಿವಂತಿಕೆ ಮುಸುರೆ ಎಂದು ಚೆಲ್ಲುವುದನ್ನೆಲ್ಲ ಗಿಡ ತಕರಾರಿಲ್ಲದೆ ತಗೊಳ್ಳುತ್ತದೆ.

ಮಾಸ್ತರರಿಗೆ ನಾನು ಬರೆದ ಕಾಗದ ಇಷ್ಟೇ. ಬೇಸಿಗೆಯಲ್ಲಿ ಸಸಿ ಹಚ್ಚಬೇಡಿ, ಮಡಿ ಮಾತ್ರ ಮಾಡಿ. ರಜೆಗೆ ಮುಂಚೆ ಅಗೆದು ಬಿಸಿಲಿಗೆ ಬಿಡಿ. ಕಳೆಯ ಬೇರು, ಹುಳದ ತತ್ತಿ ಸುಡಲಿ. ಮೇ ಕೊನೆಗೆ ಕಳಿತ ಗೊಬ್ಬರ ಸೇರಿಸಿ ದಂಟು ಮುಚ್ಚಿ. ಮಿರಗದ ಮಳೆ ಬಿದ್ದ ಮೇಲೆ ಸಸಿ. ಪರಿಸರ ದಿನಕ್ಕೆ ಬರೀ ಮಡಿ ತೋರಿಸಿ, ಬಂದ ಅಧಿಕಾರಿಗಳಿಗೆ ಸಾವಿರ ಕೊಡದ ಲೆಕ್ಕ ಹೇಳಿ. ಮತ್ತೆ ನೀರಿನ ಪಾಳಿ ಹಾಜರಿ ಪುಸ್ತಕದ ಕ್ರಮದಲ್ಲಿ ಇರಲಿ, ಮಾಸ್ತರರ ಹೆಸರೂ ಸೇರಿ. ಹೂ ಕೀಳೋದಕ್ಕೂ ಅದೇ ಪಾಳಿ.

ಪಾಳಿಯ ಸುದ್ದಿ ಹಬ್ಬಿದ ಕೂಡಲೇ ಊರ ದೊಡ್ಡ ಮನೆಯವರೊಬ್ಬರು ಸಾಲಿಗೆ ಬಂದರಂತೆ. "ನಮ್ಮ ಹುಡುಗ ನೀರು ಹೊರಾಕ ಸಾಲಿಗೆ ಬರ್ತಾನೇನ್ರೀ?" ಎಂದು ಕೇಳಿದರಂತೆ. ಮಾಸ್ತರರು ಗಾಬರಿಯಾಗಿ ನನಗೆ ಫೋನ್ ಮಾಡಿದರು. ಪ್ರಶ್ನೆ ಬಹಳ ಸರಿ ಇದೆ, ಅದನ್ನು ಕರಿಹಲಗೆಯ ಮೇಲೆ ಬರೆಸಿ, ಇಷ್ಟು ವರ್ಷ ಕೇರಿಯ ಯಾವ ಅವ್ವ ಅಪ್ಪನಿಗೆ ಇದನ್ನು ಇಲ್ಲಿ ಬಂದು ಕೇಳೋಕೆ ಆಯಿತು ಅಂತ ಸಭೆ ಕರೆದು ವಿಚಾರಿಸಿ ಎಂದೆ. ಸಭೆ ಆಯಿತು. ಮೂರು ತಾಸು ಜಗಳವೂ ಆಯಿತು.

ಈಗ ಮಿರಗ ಹಿಡಿದಿದೆ. ಮೊನ್ನೆ ಫೋನ್ ಬಂದಿತ್ತು. ಪಾಳಿಯ ಪಟ್ಟಿ ಗೋಡೆಗೆ ಅಂಟಿಸಿದ್ದಾರೆ, ಸೋಮವಾರ ಹೆಡ್‌ಮಾಸ್ತರರದು, ಮಂಗಳವಾರದ ನಾಲ್ಕು ಹೆಸರಿನಲ್ಲಿ ದೊಡ್ಡ ಮನೆಯ ಹುಡುಗನದೂ ಇದೆ. ಶುಕ್ರವಾರ ಹೂ ಕೀಳೋರು ಯಾರು ಅನ್ನೋ ಸಾಲು ಮಾತ್ರ ಇನ್ನೂ ಖಾಲಿ ಬಿಟ್ಟಿದ್ದಾರಂತೆ.