ದಾರಿಯ ಖರ್ಚು

ಹಣ ಕೇಳಲು ಬಂದವರನ್ನು ‘ಯಾತಕ್ಕೆ?’ ಎಂದು ವಿಚಾರಿಸುವುದು ನಮ್ಮ ಕಡೆ ಅಸಭ್ಯತೆಯಲ್ಲ. ವಿಚಾರಿಸದೆ ಕೊಟ್ಟರೇ ಕೊಟ್ಟವನ ಬುದ್ಧಿಯ ಮೇಲೆ ಸಂಶಯ ಬರುತ್ತದೆ. ಮಗಳ ಮದುವೆಗೋ ಬಿತ್ತನೆಗೋ ಆಸ್ಪತ್ರೆಗೋ ಎಂದು ತಿಳಿದುಕೊಂಡು, ಎರಡು ಬುದ್ಧಿಮಾತನ್ನೂ ಸೇರಿಸಿ ಕೊಡುವವನು ದೊಡ್ಡ ಮನುಷ್ಯ. ನಾನೂ ಬಹುಕಾಲ ಹೀಗೆಯೇ ನಂಬಿಕೊಂಡಿದ್ದೆ.

ಹುಣಸೂರಿನಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹಿರಿಯರಿಂದ ಬಂದ ಒಂದಷ್ಟು ಹೊಲವಿದೆ. ಸಾಗುವಳಿ ತಮ್ಮನದು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ – ಈ ಸೀಮೆಯನ್ನು ಬಲ್ಲವರಿಗೆ ಅಲ್ಲಿ ಏನು ಬೆಳೆಯುತ್ತೇವೆಂದು ಹೇಳಬೇಕಾಗಿಲ್ಲ: ಹೊಗೆಸೊಪ್ಪು. ಆಗಸ್ಟಿನಲ್ಲಿ ಎಲೆ ಮುರಿಯುವ ಕೆಲಸ ಬಿರುಸಾಗಿರುತ್ತದೆ. ಮುರಿದ ಎಲೆಯನ್ನು ಕಡ್ಡಿಗಳಿಗೆ ಕಟ್ಟಿ ಬ್ಯಾರನ್ನಿಗೆ ಏರಿಸಬೇಕು. ಕಟ್ಟುವವರು ಬಹುಪಾಲು ಹೆಂಗಸರು. ಮಳೆಗೆ ತೊಯ್ದ ಹಸಿ ಎಲೆಯ ನಿಕೊಟಿನ್ ಚರ್ಮದ ಮೂಲಕ ಮೈಗೆ ಸೇರುತ್ತದೆ. ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ಸೊಪ್ಪಿನ ನಂಜು ಎಂದುಕೊಂಡು ಅವರು ಸುಮ್ಮನಾಗುತ್ತಾರೆ.

ಹೋದ ವರ್ಷದ ಆಗಸ್ಟಿನಲ್ಲಿ ಒಂದು ಭಾನುವಾರ, ತಮ್ಮ ಎತ್ತಲೋ ಹೋಗಿದ್ದಾಗ, ಅಂಥ ಹೆಂಗಸೊಬ್ಬಳು ಬಂದು ನಿಂತಳು.

“ಮೇಷ್ಟ್ರೆ, ಮೂರ್ ಸಾವ್ರ ಬೇಕಾಗಿತ್ತು. ಮೈಸೂರ್ಗೆ ಹೋಗ್ಬೇಕು.”

“ಯಾತಕ್ಕವ್ವ?”

“ಆಸ್ಪತ್ರೆಗೆ.”

“ಪಿರಿಯಾಪಟ್ಟಣದಲ್ಲೇ ಆಸ್ಪತ್ರೆ ಇಲ್ಲವೆ? ಏನು ಕಾಯಿಲೆ?”

ಅಂಗೈಗೆ ಹತ್ತಿದ್ದ ಸೊಪ್ಪಿನ ಅಂಟನ್ನು ಉಜ್ಜಿಕೊಳ್ಳುತ್ತ ಅವಳು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಹೇಳಿದಳು. ಎರಡು ಮಕ್ಕಳಿವೆ, ಇನ್ನೊಂದು ಬೇಡ. ವಾಂತಿಯನ್ನು ನಂಜೆಂದು ತಿಳಿದು ಎರಡೂವರೆ ತಿಂಗಳು ಕಳೆದುಹೋಗಿತ್ತು. ತಾಲ್ಲೂಕಿನ ಆಸ್ಪತ್ರೆಯಲ್ಲಿ ಕೆಲಸಕ್ಕಿರುವವರು ಯಾರೋ ಅವಳ ಬೀದಿಯವರೇ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ನಾನು ಹಣ ಕೊಟ್ಟೆ. ಕೊಡುವ ಮುಂಚೆ ಇನ್ನೊಂದು ಮಾತನ್ನೂ ಕೇಳಿದೆ: “ಗಂಡನಿಗೆ ಹೇಳಿದ್ದೀಯಾ?”

ಅವಳು ಉತ್ತರ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ನಮ್ಮ ದೇಶದಲ್ಲಿ 1971ರ ಕಾಯ್ದೆಯಂತೆ ವೈದ್ಯಕೀಯ ಗರ್ಭಪಾತಕ್ಕೆ ಕಾನೂನಿನ ಅವಕಾಶವಿದೆ. 2021ರ ತಿದ್ದುಪಡಿಯಾದ ಮೇಲೆ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ವಯಸ್ಸಿಗೆ ಬಂದ ಹೆಂಗಸಿಗೆ ಅವಳ ಒಪ್ಪಿಗೆ ಮಾತ್ರ ಬೇಕು, ಗಂಡನದು ಬೇಡ. ಅವಳ ಹೆಸರನ್ನು ಹೊರಗೆ ಹೇಳಿದ ವೈದ್ಯರಿಗೆ ಒಂದು ವರ್ಷದವರೆಗೆ ಸಜೆಯಾಗಬಹುದು. ಸರ್ಕಾರವೇ ಕೇಳದ ಪ್ರಶ್ನೆಯನ್ನು ನಾನು ಮೂರು ಸಾವಿರ ರೂಪಾಯಿಯ ಬಲದಿಂದ ಕೇಳಿಬಿಟ್ಟಿದ್ದೆ.

ಇದೇ ಪ್ರಶ್ನೆ ಅಮೆರಿಕದಲ್ಲಿ ದೊಡ್ಡ ಗಾತ್ರದಲ್ಲಿ ಎದ್ದದ್ದುಂಟು. 2022ರ ಜೂನ್ 24ರಂದು ಅಲ್ಲಿನ ಸುಪ್ರೀಂ ಕೋರ್ಟು 1973ರ ತನ್ನ ತೀರ್ಪನ್ನೇ ತೆಗೆದುಹಾಕಿತು. ಹಲವು ರಾಜ್ಯಗಳಲ್ಲಿ ಗರ್ಭಪಾತ ನಿಷಿದ್ಧವಾಯಿತು. ಹೆಂಗಸರು ರಾಜ್ಯದ ಗಡಿ ದಾಟಿ ಹೋಗಬೇಕಾಯಿತು. ಆಗ ದೊಡ್ಡ ದೊಡ್ಡ ಕಂಪೆನಿಗಳು ತಮ್ಮ ನೌಕರರ ದಾರಿಯ ಖರ್ಚನ್ನು ತಾವು ಕೊಡುವುದಾಗಿ ಸಾರಿದವು. ಅಮೆಜಾನ್ ಸಂಸ್ಥೆ ತೀರ್ಪಿಗೆ ಮುಂಚೆಯೇ, ಹತ್ತಿರದಲ್ಲಿ ಸಿಗದ ಚಿಕಿತ್ಸೆಗಳಿಗೆಂದು ವರ್ಷಕ್ಕೆ 4,000 ಡಾಲರುಗಳವರೆಗೆ ಎಂದಿತ್ತು. ಸ್ಟಾರ್‌ಬಕ್ಸ್ ಕೂಡ ಒಪ್ಪಿತು. ಆದರೆ ಕಾರ್ಮಿಕ ಸಂಘ ಕಟ್ಟಿಕೊಂಡ ಅಂಗಡಿಗಳ ಮಟ್ಟಿಗೆ ಭರವಸೆ ಕೊಡಲಾರೆವೆಂದಿತು. ಕೊಡುವ ಕೈಗೆ ಲೆಕ್ಕವೂ ಗೊತ್ತಿರುತ್ತದೆ, ನೋಡಿ. ಅಲ್ಲಿಯ ಹೆಣ್ಣು ದಾಟಬೇಕಾದ್ದು ಕಾನೂನಿನ ಗಡಿ. ನಮ್ಮವಳು ದಾಟಬೇಕಾದ್ದು ಪರಿಚಯದ ಮುಖಗಳ ಗಡಿ. ದುಡ್ಡು ಕೇಳಲು ಮಾತ್ರ ಇಬ್ಬರೂ ಕೆಲಸ ಕೊಟ್ಟವನ ಮುಂದೆಯೇ ನಿಲ್ಲಬೇಕು.

ಕೆಲಸ ಕೊಟ್ಟವನು ಕೊಡುವ ಆಸ್ಪತ್ರೆಯ ಹಣ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಪಕ್ಕದ ಮಹಾರಾಷ್ಟ್ರದಲ್ಲೇ ನಿದರ್ಶನವಿದೆ. ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರಲ್ಲಿ ಎಷ್ಟೋ ಮಂದಿ ಎಳೆಯ ವಯಸ್ಸಿನಲ್ಲೇ ಗರ್ಭಕೋಶ ತೆಗೆಸಿಕೊಂಡಿದ್ದಾರೆಂಬುದು 2019ರಲ್ಲಿ ಬಯಲಾಯಿತು. ಮುಟ್ಟಿನ ನೋವೆಂದು ಒಂದು ದಿನ ತಪ್ಪಿದರೂ ದಂಡ. ಶಸ್ತ್ರಚಿಕಿತ್ಸೆಗೆ ಗುತ್ತಿಗೆದಾರನೇ ಮುಂಗಡ ಕೊಟ್ಟು ಕೂಲಿಯಲ್ಲಿ ಮುರಿದುಕೊಳ್ಳುತ್ತಿದ್ದನೆಂದೂ ವರದಿಯಾಯಿತು. ನನ್ನ ಮೂರು ಸಾವಿರವೂ ಅದೇ ಜಾತಿಯದೇ ಎಂದು ಕೇಳಿಕೊಂಡರೆ ‘ಅಲ್ಲ’ ಎಂದು ಧೈರ್ಯವಾಗಿ ಹೇಳಲಾರೆ. ನಾನೇನೂ ಅವಳನ್ನು ಮೈಸೂರಿಗೆ ಕಳಿಸಲಿಲ್ಲ, ನಿಜ. ಆದರೆ ಸೊಪ್ಪಿನ ಕಾಲ. ಅವಳು ಬೇಗ ಹೋಗಿ ಬೇಗ ಬಂದರೆ ನಮಗೆ ಅನುಕೂಲವೆಂಬ ಯೋಚನೆ ಮನಸ್ಸಿನ ಯಾವುದೋ ಮೂಲೆಯಲ್ಲಿ ಇತ್ತು.

ಭ್ರೂಣಹತ್ಯೆ ಪಾಪವೆಂದು ನಂಬುವ ಓದುಗರಿದ್ದಾರೆ. ನನ್ನ ತಾಯಿಯೂ ಹಾಗೆ ನಂಬಿದ್ದರು. ನಾನು ಅದನ್ನು ಹಗುರವಾಗಿ ಎಣಿಸುವವನಲ್ಲ. ಅಂಥವರು ತಮ್ಮ ಆಳಿಗೆ ಇದಕ್ಕಾಗಿ ಹಣ ಕೊಡಬೇಕೆ? ಆತ್ಮಸಾಕ್ಷಿ ದಣಿಗೂ ಉಂಟಲ್ಲವೆ? ಉಂಟು. ಆದರೆ ದುಡ್ಡುಳ್ಳ ಮನೆಯ ಹೆಣ್ಣುಮಗಳು ಇದೇ ಕೆಲಸಕ್ಕೆ ಕಾರಿನಲ್ಲಿ ಹೋಗಿಬಂದರೆ ನಮ್ಮ ಸಾಕ್ಷಿಯನ್ನು ಯಾರೂ ಕರೆಯುವುದಿಲ್ಲ. ಕೂಲಿಯವಳ ಕೈ ಬರಿದಾಗಿರುವುದರಿಂದಲೇ ನಮ್ಮ ಆತ್ಮಸಾಕ್ಷಿಗೆ ಅವಳ ಒಡಲೊಳಗೆ ಇಣುಕುವ ಅವಕಾಶ ಸಿಕ್ಕಿತು. ಅದು ಧರ್ಮಕ್ಕಿಂತ ಹೆಚ್ಚಾಗಿ ನಮ್ಮ ಅನುಕೂಲಸ್ಥಿತಿಯ ಫಲ.

ಅವಳು ಐದನೆಯ ದಿನ ಬಂದು ಸೊಪ್ಪು ಕಟ್ಟಲು ಕುಳಿತಳು. ಕಾರ್ಖಾನೆಯಲ್ಲೋ ಕೊಡಗಿನ ದೊಡ್ಡ ಕಾಫಿ ತೋಟದಲ್ಲೋ ಕಾಯಂ ಆಳಾಗಿದ್ದರೆ ಇಂಥ ಸಂದರ್ಭದಲ್ಲಿ ಆರು ವಾರದ ಸಂಬಳಸಹಿತ ರಜೆ ಅವಳ ಹಕ್ಕು. ಹಿಂದೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿದ್ದ ಈ ನಿಯಮ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ. ನಮ್ಮಂಥವರ ಹೊಲಕ್ಕೆ ಅದು ತಾಗುವುದಿಲ್ಲ. ತಾಗುವುದಿಲ್ಲವೆಂದು ನಾವೂ ಕೊಡಲಿಲ್ಲ. ತಮ್ಮ ತನ್ನ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ‘ಮೈಸೂರು ಖರ್ಚು 3,000’ ಎಂದು ಬರೆದು, ವಾರವಾರವೂ ಮುರಿದುಕೊಂಡ. ಆ ಪುಸ್ತಕ ಮನೆಯವರೆಲ್ಲ ತೆಗೆದು ನೋಡುವಂಥದು. ಸುಗ್ಗಿ ಮುಗಿಯುವ ಹೊತ್ತಿಗೆ ಸಾಲ ತೀರಿತು. ಅವಳು ಬೇರೆಯವರ ಹೊಲಕ್ಕೆ ಹೋದಳು. ಈಗ ಸಂತೆಯಲ್ಲಿ ನನ್ನನ್ನು ಕಂಡರೆ ಸೆರಗನ್ನು ಸರಿಮಾಡಿಕೊಂಡು ಆಚೆ ಬದಿಗೆ ತಿರುಗುತ್ತಾಳೆ. ಇದನ್ನೆಲ್ಲ ಹೇಳಿದಾಗ ನನ್ನ ಹೆಂಡತಿ ಕೇಳಿದ್ದು ಒಂದೇ ಮಾತು: “ಕೇಳದೆ ಕೊಟ್ಟಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?”

ಬಸ್ಸಿನ ಖರ್ಚಂತೂ ಅವಳಿಗೆ ಇರಲಿಲ್ಲ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ‘ಶಕ್ತಿ’ ಯೋಜನೆಯನ್ನು ಹೊಗಳುವವರೂ ಹಳಿಯುವವರೂ ಬೇಕಾದಷ್ಟಿದ್ದಾರೆ. ಆ ಚರ್ಚೆ ಇಲ್ಲಿ ಬೇಡ. ನನಗೆ ನೆನಪಾಗುವುದು ಕಂಡಕ್ಟರು. ಗುರುತಿನ ಚೀಟಿ ನೋಡುತ್ತಾನೆ, ‘ಎಲ್ಲಿಗೆ?’ ಎನ್ನುತ್ತಾನೆ, ಶೂನ್ಯ ಬೆಲೆಯ ಟಿಕೆಟ್ ಕೊಟ್ಟು ಮುಂದಕ್ಕೆ ಹೋಗುತ್ತಾನೆ. ತವರಿಗೋ ಜಾತ್ರೆಗೋ ಆಸ್ಪತ್ರೆಗೋ, ಅವನಿಗೆ ಬೇಡ. ಸ್ಕ್ಯಾನಿಂಗಿಗೆ, ಔಷಧಿಗೆ, ಹೋದ ದಿನಗಳ ಕೂಲಿಗೆ ಮಾತ್ರ ಅಂಥ ಕಂಡಕ್ಟರು ಇರಲಿಲ್ಲ, ನಾನಿದ್ದೆ.

ಈ ವರ್ಷ ಸೊಪ್ಪಿನ ಕಾಲದಲ್ಲಿ ಇನ್ನೊಬ್ಬ ಹೆಂಗಸು ಬಂದು ಎರಡು ಸಾವಿರ ಕೇಳಿದಳು. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಎಣಿಸಿ ಕೊಟ್ಟೆ. ಪುಸ್ತಕದಲ್ಲಿ ಬರೆಯಬೇಡವೆಂದು ತಮ್ಮನಿಗೂ ಹೇಳಿದೆ. ಅವಳು ನೋಟನ್ನು ಸೆರಗಿಗೆ ಗಂಟು ಹಾಕಿಕೊಂಡು ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು.

“ಯಾತ್ಕೆ ಅಂತ ಕೇಳ್ನೇ ಇಲ್ವಲ್ಲ ಮೇಷ್ಟ್ರೆ, ನನ್ ಮ್ಯಾಲೆ ಕ್ವಾಪವಾ?”