ಸಂಶಯವೂ ಸೇವೆಯಾಗಬಲ್ಲದೇ?

ಪರಸ್ಪರ ವಿಶ್ವಾಸವಿಲ್ಲದೆ ಸಮಾಜ ನಿಲ್ಲಲಾರದು. ಬಸ್ಸಿನ ಚಾಲಕ ಎಚ್ಚರವಾಗಿದ್ದಾನೆಂದು, ವೈದ್ಯರು ಬರೆದುಕೊಟ್ಟ ಔಷಧಿ ಸರಿಯಾಗಿದೆಯೆಂದು ನಂಬಿಯೇ ನಮ್ಮ ದಿನ ಸಾಗುತ್ತದೆ. ಆದರೆ ಎದುರಿಗೆ ಬಂದ ಪ್ರತಿಯೊಬ್ಬರನ್ನೂ ಸಂಶಯಿಸುವುದೇ ಕರ್ತವ್ಯವಾಗಿರುವ ವೃತ್ತಿಗಳೂ ಇವೆ. ವಿಮಾನ ನಿಲ್ದಾಣದ ಭದ್ರತಾ ತಪಾಸಣೆ ಅಂಥದ್ದೊಂದು. ಈ ಕ್ಷೇತ್ರವನ್ನು ಆರಿಸಿಕೊಂಡ ಯುವಜನರು ಇಂಟರ್ನ್‌ಶಿಪ್‌ನ ಅವಧಿಯಲ್ಲಿ ಭದ್ರತಾ ತಜ್ಞರನ್ನು ನೆರಳಿನಂತೆ ಹಿಂಬಾಲಿಸಿ ಆ ಕೆಲಸವನ್ನು ಹತ್ತಿರದಿಂದ ನೋಡುತ್ತಾರೆ. ಯಂತ್ರಗಳನ್ನೂ ನಿಯಮಗಳನ್ನೂ ಅರಿಯುವುದರ ಜೊತೆಗೆ ಮನುಷ್ಯರನ್ನು ನೋಡುವ ಒಂದು ರೀತಿಯನ್ನೂ ಅವರು ಅಲ್ಲಿ ಕಲಿಯುತ್ತಾರೆ. ದಿನವಿಡೀ ಸಂಶಯಿಸುವುದನ್ನು ರೂಢಿಸಿಕೊಂಡ ಮನಸ್ಸು ನೆರೆಯವರನ್ನು ಗೌರವಿಸುವ ಶಕ್ತಿಯನ್ನು ಉಳಿಸಿಕೊಳ್ಳಬಲ್ಲದೇ? ಇದು ಅವರೊಬ್ಬರ ಪ್ರಶ್ನೆಯಲ್ಲ.

ಈ ಸಂಶಯ ಅಕಾರಣವಾಗಿ ಹುಟ್ಟಿದ್ದಲ್ಲ. 1985ರ ಜೂನ್ 22ರಂದು ಕೆನಡಾದ ವ್ಯಾಂಕೂವರ್‌ನಲ್ಲಿ ಪ್ರಯಾಣಿಕನೊಬ್ಬ ತನ್ನ ಪೆಟ್ಟಿಗೆಯನ್ನು ನೇರವಾಗಿ ದೆಹಲಿಗೆ ಕಳುಹಿಸಬೇಕೆಂದು ಹಟ ಹಿಡಿದ. ಟೊರಾಂಟೋದಿಂದ ಮುಂದಿನ ಪ್ರಯಾಣಕ್ಕೆ ಆತನ ಆಸನ ಖಚಿತವಾಗಿರಲಿಲ್ಲ. ಆದರೂ ಕೌಂಟರಿನ ಸಿಬ್ಬಂದಿ ಕೊನೆಗೆ ಒಪ್ಪಿದರು. ಪೆಟ್ಟಿಗೆ ಹೋಯಿತು, ಆತ ವಿಮಾನ ಹತ್ತಲೇ ಇಲ್ಲ. ಟೊರಾಂಟೋದಲ್ಲಿ ಸಾಮಾನು ಪರೀಕ್ಷಿಸುವ ಎಕ್ಸ್-ರೇ ಯಂತ್ರ ಕೆಟ್ಟು ನಿಂತಿತು. ಮರುದಿನ ಐರ್ಲೆಂಡಿನ ಸಮೀಪ ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಸ್ಫೋಟಗೊಂಡು 329 ಮಂದಿ ಮಡಿದರು. ಒಡೆಯನಿಲ್ಲದ ಪೆಟ್ಟಿಗೆ ವಿಮಾನದಲ್ಲಿ ಹೋಗಬಾರದೆಂಬ ನಿಯಮದ ಹಿಂದೆ ಈ ಸಾವುಗಳಿವೆ. 1987ರಲ್ಲಿ ನಮ್ಮ ದೇಶದ ನಾಗರಿಕ ವಿಮಾನಯಾನ ಭದ್ರತಾ ಸಂಸ್ಥೆ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರಿನಲ್ಲಿ ಕಠ್ಮಂಡುವಿನಿಂದ ಹೊರಟ ವಿಮಾನದ ಅಪಹರಣವಾದ ಬಳಿಕ, 2000ದಲ್ಲಿ ಜೈಪುರದಿಂದ ಮೊದಲ್ಗೊಂಡು ನಿಲ್ದಾಣಗಳ ರಕ್ಷಣೆಯನ್ನು ಕೇಂದ್ರ ಕೈಗಾರಿಕಾ ಭದ್ರತಾ ಪಡೆ ವಹಿಸಿಕೊಳ್ಳತೊಡಗಿತು. ದಾಕ್ಷಿಣ್ಯಕ್ಕೆ ಮಣಿಯದಿರುವುದೂ ಒಮ್ಮೊಮ್ಮೆ ಪರಹಿತವೇ ಎಂಬುದನ್ನು ಈ ಇತಿಹಾಸ ಹೇಳುತ್ತದೆ.

ತಜ್ಞರ ಹಿಂದೆ ನಿಂತ ವಿದ್ಯಾರ್ಥಿಗೆ ಮೊದಲು ಕಾಣುವುದು ಪರದೆ. ಬಟ್ಟೆ, ಆಹಾರ, ಕಾಗದದಂಥ ವಸ್ತುಗಳು ಕಿತ್ತಳೆ ಬಣ್ಣದಲ್ಲಿ, ಲೋಹಗಳು ನೀಲಿಯಲ್ಲಿ, ಇವೆರಡರ ನಡುವಿನವು ಹಸಿರಿನಲ್ಲಿ ಹಾದುಹೋಗುತ್ತವೆ. ಎದುರಿಗೆ ಕುಳಿತವರ ನಿಜವಾದ ಕಷ್ಟವೆಂದರೆ, ಹುಡುಕುತ್ತಿರುವುದು ಬಹುತೇಕ ಎಂದಿಗೂ ಸಿಗದಿರುವುದು. 2005ರಲ್ಲಿ ಜೆರೆಮಿ ವುಲ್ಫ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹುಡುಕಬೇಕಾದ ವಸ್ತು ಅರ್ಧದಷ್ಟು ಚಿತ್ರಗಳಲ್ಲಿದ್ದಾಗ ನೋಡುಗರು ಶೇಕಡಾ 7ರಷ್ಟನ್ನು ಮಾತ್ರ ಕಾಣದೆ ಬಿಟ್ಟರು. ನೂರಕ್ಕೆ ಒಂದರಲ್ಲಿ ಮಾತ್ರ ಇದ್ದಾಗ ಶೇಕಡಾ 30ರಷ್ಟನ್ನು ಬಿಟ್ಟರು. ಆದ್ದರಿಂದಲೇ ಪರದೆಯ ಮುಂದೆ ಒಬ್ಬರನ್ನೇ ದೀರ್ಘಕಾಲ ಕೂರಿಸುವುದಿಲ್ಲ. ಆಗಾಗ ಆಯುಧದ ಕೃತಕ ಚಿತ್ರವೊಂದನ್ನು ತಂತ್ರಾಂಶವೇ ಪ್ರಯಾಣಿಕರ ಚೀಲದೊಳಗೆ ಮೂಡಿಸಿ ಅವರ ಎಚ್ಚರವನ್ನು ಪರೀಕ್ಷಿಸುತ್ತದೆ. ನಿರಪರಾಧಿಗಳ ಅಂತ್ಯವಿಲ್ಲದ ಸಾಲಿನ ಮುಂದೆ ಜಾಗೃತರಾಗಿರುವುದು ಒಂದು ತಪಸ್ಸು. ಅದಕ್ಕೆ ಅಪಾಯಗಳು ಎರಡು: ಒಂದು ಉದಾಸೀನ, ಇನ್ನೊಂದು ತಿರಸ್ಕಾರ. ಉದಾಸೀನವನ್ನು ತಂತ್ರಾಂಶ ಪತ್ತೆಹಚ್ಚುತ್ತದೆ. ತಿರಸ್ಕಾರವನ್ನು ಅಂತಃಸಾಕ್ಷಿಯಷ್ಟೇ ಪತ್ತೆಹಚ್ಚಬಲ್ಲದು.

ನೆರಳಾಗಿ ನಿಂತವರಿಗೆ ಒಂದು ಅನುಕೂಲವಿದೆ. ಪರದೆಯವರು ಚೀಲವನ್ನು ಮಾತ್ರ ನೋಡುತ್ತಾರೆ. ಇವರಿಗೆ ಚೀಲದ ಒಡೆಯರ ಮುಖವೂ ಕಾಣುತ್ತದೆ. ಮಗಳ ಮನೆಗೆಂದು ಒಯ್ಯುತ್ತಿದ್ದ ಉಪ್ಪಿನಕಾಯಿಯ ಡಬ್ಬಿಯನ್ನು ಎಲ್ಲರೆದುರು ಹೊರತೆಗೆಯಬೇಕಾದ ವೃದ್ಧೆಯ ಸಂಕೋಚ, ಮೊಣಕಾಲಿನಲ್ಲಿರುವ ಲೋಹವನ್ನು ಮತ್ತೆ ಮತ್ತೆ ವಿವರಿಸಬೇಕಾದವರ ಬೇಸರ ಕಾಣುತ್ತದೆ. “ಅಮ್ಮಾ, ಸ್ವಲ್ಪ ಈ ಕಡೆ ಬನ್ನಿ” ಎಂಬ ಮೆತ್ತನೆಯ ಮಾತಿಗೂ ಬರಿಯ ಕೈಸನ್ನೆಗೂ ಇರುವ ಅಂತರವೂ ತಿಳಿಯುತ್ತದೆ. ನಿಯಮ ಎರಡರಲ್ಲೂ ಒಂದೇ.

13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಸಂಶಯದ ಕುರಿತು ಮಾಡಿರುವ ವಿವೇಚನೆ ಇಲ್ಲಿ ಬೆಳಕು ನೀಡುತ್ತದೆ. ಕೇಡನ್ನು ತಡೆಯಲು ಪರಿಹಾರ ಹುಡುಕುವಾಗ ಅತ್ಯಂತ ಕೆಟ್ಟದ್ದನ್ನು ಊಹಿಸಿಕೊಳ್ಳುವುದು ಉಚಿತವೆನ್ನುತ್ತಾರೆ ಅವರು. ದೊಡ್ಡ ಕೇಡನ್ನು ತಡೆಯಬಲ್ಲ ಉಪಾಯ ಚಿಕ್ಕದನ್ನೂ ತಡೆಯುತ್ತದೆ. ಆದರೆ ವ್ಯಕ್ತಿಯ ಬಗ್ಗೆ ತೀರ್ಮಾನಿಸುವಾಗ, ಸ್ಪಷ್ಟ ಆಧಾರವಿಲ್ಲದಿದ್ದರೆ, ಒಳ್ಳೆಯದನ್ನೇ ಭಾವಿಸಬೇಕು. ಕೆಟ್ಟವರ ಬಗ್ಗೆ ಒಳ್ಳೆಯ ಅಭಿಪ್ರಾಯವಿಟ್ಟುಕೊಂಡು ಹಲವು ಬಾರಿ ಮೋಸಹೋಗುವುದು, ಒಳ್ಳೆಯವರನ್ನು ಅಪರೂಪಕ್ಕಾದರೂ ಕೆಟ್ಟವರೆಂದು ಎಣಿಸುವುದಕ್ಕಿಂತ ಮೇಲು. ಊಹೆ ಬೇರೆ, ತೀರ್ಪು ಬೇರೆ. ‘ಈ ಚೀಲದಲ್ಲಿ ಅಪಾಯವಿರಬಹುದು’ ಎಂಬುದು ಊಹೆ; ಚೀಲ ತೆರೆದೊಡನೆ ಮುಗಿಯುತ್ತದೆ. ‘ಇವನು ಅಂಥವನೇ’ ಎಂಬುದು ತೀರ್ಪು. ಚೀಲ ಖಾಲಿಯಿದ್ದರೂ ಅದು ಮುಗಿಯುವುದಿಲ್ಲ.

ಮುಖ ನೋಡಿಯೇ ಅಪಾಯವನ್ನು ಗುರುತಿಸಬಹುದಲ್ಲವೇ ಎಂದು ಕೆಲವರು ಕೇಳಬಹುದು. ಅಮೆರಿಕದ ನಿಲ್ದಾಣಗಳಲ್ಲಿ ಹಾವಭಾವಗಳಿಂದ ಶಂಕಿತರನ್ನು ಆರಿಸುವ ಯೋಜನೆಯೊಂದಿತ್ತು. ಹಾವಭಾವ ನೋಡಿ ವಂಚಕರನ್ನು ಗುರುತಿಸುವ ಮನುಷ್ಯನ ಸಾಮರ್ಥ್ಯ ಆಕಸ್ಮಿಕದಷ್ಟೇ, ಅಥವಾ ಅದಕ್ಕಿಂತ ತುಸು ಮಾತ್ರ ಮೇಲು ಎಂಬ ಸಂಶೋಧನೆಗಳನ್ನು ಮುಂದಿಟ್ಟು, ಅಲ್ಲಿನ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆಯೇ 2013ರಲ್ಲಿ ಆ ಯೋಜನೆಯ ಹಣವನ್ನು ಮಿತಗೊಳಿಸಲು ಸೂಚಿಸಿತು. ಹೆಸರು, ಗಡ್ಡ, ಉಡುಪು ನೋಡಿ ಸಂಶಯಿಸುವುದು ಅನ್ಯಾಯ; ಆ ಅನ್ಯಾಯದಿಂದ ಭದ್ರತೆ ಹೆಚ್ಚುವುದೂ ಇಲ್ಲ. ಎಲ್ಲರನ್ನೂ ಒಂದೇ ಬಾಗಿಲಿನಿಂದ ಹಾಯಿಸುವ ತಪಾಸಣೆ ಯಾರನ್ನೂ ಅಪರಾಧಿಯೆನ್ನುವುದಿಲ್ಲ. 2009ರಲ್ಲಿ ದೆಹಲಿಯಲ್ಲಿ ವಿದೇಶಿ ವಿಮಾನ ಸಂಸ್ಥೆಯೊಂದರ ಸಿಬ್ಬಂದಿ ಮಾಜಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರ ಮೈ ತಪಾಸಣೆ ಮಾಡಿದರು. ಅವರಿಗೆ ನಿಯಮದಂತೆ ವಿನಾಯಿತಿ ಇತ್ತು. ಸಂಸತ್ತಿನಲ್ಲಿ ಗದ್ದಲವಾಯಿತು, ಸಂಸ್ಥೆ ಕ್ಷಮೆ ಕೇಳಿತು. ಕಲಾಂ ಅವರಾದರೋ ತಪಾಸಣೆಗೆ ಶಾಂತವಾಗಿ ಸಹಕರಿಸಿದ್ದರು. ನಿಯಮ ಮುರಿದದ್ದು ತಪ್ಪೇ ಸರಿ. ಆದರೆ ತಪಾಸಣೆಯೇ ಅವಮಾನವೆಂದಾದರೆ, ಪ್ರತಿದಿನ ಅದಕ್ಕೆ ಒಳಗಾಗುವ ಲಕ್ಷಾಂತರ ಸಾಮಾನ್ಯರ ಪರವಾಗಿ ನಾವೇಕೆ ಸಿಟ್ಟಾಗುವುದಿಲ್ಲ?

ನಿಲ್ದಾಣದ ಹೊರಗೂ ನಾವೆಲ್ಲರೂ ಒಂದಲ್ಲ ಒಂದು ಬಾಗಿಲು ಕಾಯುವವರೇ. ಪರೀಕ್ಷಾ ಕೊಠಡಿಯ ಶಿಕ್ಷಕರು, ಸಾಲದ ಅರ್ಜಿ ನೋಡುವ ಬ್ಯಾಂಕಿನವರು, ಬಾಡಿಗೆಗೆ ಮನೆ ಕೇಳಿಬಂದವರ ಹೆಸರು ವಿಚಾರಿಸುವ ಮನೆಯೊಡೆಯರು ಎಚ್ಚರ ವಹಿಸುವುದು ನ್ಯಾಯವೇ. ಆದರೆ ನಮ್ಮ ಎಚ್ಚರ ಎಲ್ಲರಿಗೂ ಒಂದೇ ಅಳತೆಯದೇ? ಪರಿಶೀಲನೆ ಮುಗಿದ ಮೇಲೆ ನಮ್ಮ ಸಂಶಯವೂ ಮುಗಿಯುತ್ತದೆಯೇ? ತಜ್ಞರ ಹಿಂದೆ ನೆರಳಾಗಿ ನಡೆಯುವ ನಮ್ಮ ಮಕ್ಕಳು ಪರದೆ ಓದುವುದನ್ನು ಚೆನ್ನಾಗಿ ಕಲಿಯಲಿ. ಏನೂ ಸಿಗದ ಚೀಲವನ್ನು ಮುಚ್ಚಿ, ಅದರ ಒಡೆಯರ ಮುಖ ನೋಡಿ, “ಹೋಗಿ ಬನ್ನಿ” ಎಂದು ಹೇಳುವುದನ್ನೂ ಕಲಿಯಲಿ.