ಫೀಬಲ್

ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಡಿಸ್ಚಾರ್ಜ್ ಕಾಗದ ಓದುತ್ತಾ ಕೂತಿದ್ದೆ. ಸೇರಿಸುವಾಗಿನ ಸ್ಥಿತಿಯ ಕೆಳಗೆ 'ಪಲ್ಸ್: ಫೀಬಲ್' ಅಂತ ಬರೆದಿತ್ತು.

"ಹಂಗಂದ್ರೆ ಏನೋ?" ಅಂದಳು ಅಮ್ಮ.

"ವೀಕ್ ಅಂತ ಅಮ್ಮಾ."

ಅವಳಿಗೆ ಅಷ್ಟು ಸಾಕಾಯ್ತು. ನನಗೆ ಸಾಲಲಿಲ್ಲ. ರಾತ್ರಿ ನಿಘಂಟು ತೆಗೆದೆ.

ಲ್ಯಾಟಿನ್ನಿನಲ್ಲಿ 'ಫ್ಲೇರೆ' ಅಂದರೆ ಅಳುವುದು. ಅದರಿಂದ 'ಫ್ಲೆಬಿಲಿಸ್', ಅಂದರೆ ನೋಡಿದರೆ ಅಳು ಬರುವಂಥದ್ದು. ಅದೇ ಹಳೆಯ ಫ್ರೆಂಚಿನಲ್ಲಿ ಸವೆದು 'ಫೆಬ್ಲ್' ಆಗಿ, ಇಂಗ್ಲಿಷಿಗೆ ಬಂದು ಫೀಬಲ್ ಆಯ್ತು. ಇದೇ ಅರ್ಥದ 'ಫ್ರೇಲ್' ಪದದ ಬೇರು 'ಮುರಿಯುವುದು'. ನಮ್ಮ 'ಅಶಕ್ತ' ಇಲ್ಲದ ಶಕ್ತಿಯನ್ನು ಹೇಳುತ್ತದೆ. ಇವೆರಡೂ ಮಲಗಿದವರ ಮೈಯ ಮಾತು. ಫೀಬಲ್ ಮಾತ್ರ ಪಕ್ಕದಲ್ಲಿ ನಿಂತು ನೋಡುವವನ ಕಣ್ಣಿನ ಮಾತು.

ಎಷ್ಟು ಕರುಣೆಯ ಪದ ಅನ್ನಿಸಿತು. ಆದರೆ ಮುಂದೆ ಓದಿದರೆ ಬೇರೆ ಕಥೆ. 'ಫೀಬಲ್ ಮೈಂಡೆಡ್' ಅನ್ನುವುದು ಕಾನೂನಿನ ಹಣೆಪಟ್ಟಿಯಾಯ್ತು. ಅಮೆರಿಕದ ವರ್ಜೀನಿಯಾದಲ್ಲಿ ಕ್ಯಾರಿ ಬಕ್ ಎಂಬ ಯುವತಿಗೆ ಅದನ್ನು ಅಂಟಿಸಿದರು. ಆಕೆಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಬಹುದೆಂದು 1927ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಎಂಟು ಮಂದಿ ಒಪ್ಪಿದರು. ಆಕೆಯ ಹಸುಗೂಸಿಗೂ ಬುದ್ಧಿ ಸಾಲದು ಅಂದಿದ್ದರು. ಆ ಮಗು ಬೆಳೆದು ಶಾಲೆಗೆ ಹೋದಾಗ ಚೆನ್ನಾಗಿ ಓದುವವರ ಪಟ್ಟಿಯಲ್ಲಿ ಅದರ ಹೆಸರಿತ್ತು.

ಅಳುವಿನಿಂದ ಹುಟ್ಟಿದ ಪದ ಕಣ್ಣಲ್ಲಿ ಹನಿಯೂ ಇಲ್ಲದವರ ಕೈಗೆ ಹೇಗೆ ಸಿಕ್ಕಿತು? ಯೋಚಿಸಿದಷ್ಟೂ ನನಗೆ ಕಾಣುವುದು ಒಂದೇ: ಎರಡೂ ಕಡೆ ತೀರ್ಮಾನ ಮಾಡುವವನು ನೋಡುವವನೇ. ಅವನು ಅತ್ತರೂ ಸರಿ, ಅಳದಿದ್ದರೂ ಸರಿ, ಎದುರಿಗಿರುವವರನ್ನು ಕೇಳುವುದಿಲ್ಲ.

ಕೋರ್ಟಿನವರನ್ನು ಬೈಯುವುದು ಸುಲಭ. ನಾನೇನು ಮಾಡಿದ್ದೆ? ಅಮ್ಮ ಮನೆಗೆ ಬರುವ ಮೊದಲೇ ಅಡುಗೆಮನೆಗೆ ಕೆಲಸದವರನ್ನು ಗೊತ್ತುಮಾಡಿದ್ದೆ. ಡಬ್ಬಗಳನ್ನೆಲ್ಲ ಮೇಲಿನ ಶೆಲ್ಫಿಗೆ ಏರಿಸಿದ್ದೆ. "ನೀನು ಸುಮ್ನೆ ಕೂತ್ಕೋ" ಅಂತ ದಿನಕ್ಕೆ ಹತ್ತು ಸಲ ಅಂದಿದ್ದೆ. ಎಲ್ಲ ಪ್ರೀತಿಯಿಂದಲೇ. ಮೂರೇ ದಿನದಲ್ಲಿ ಅವಳು ಆಸ್ಪತ್ರೆಯಲ್ಲಿದ್ದದ್ದಕ್ಕಿಂತ ಕುಗ್ಗಿಹೋದಳು.

ಸಹಾಯ ಬೇಡ ಅಂತಲ್ಲ. ಅವಳ ಕೈ ನಡುಗುವುದು ನಿಜ, ಬಿಸಿನೀರಿನ ಪಾತ್ರೆ ಎತ್ತಲಾರಳು. ಆದರೆ ಎಷ್ಟು ಆಗುತ್ತೆ, ಎಷ್ಟು ಆಗಲ್ಲ ಅನ್ನೋದು ಮೊದಲು ಗೊತ್ತಾಗುವುದು ಅವಳಿಗೆ.

ನಾಲ್ಕನೆಯ ಬೆಳಿಗ್ಗೆ ಟೀಪುಡಿ, ಸಕ್ಕರೆ ಡಬ್ಬ ಕೆಳಗಿಳಿಸಿ ಕೇಳಿದೆ: "ಅಮ್ಮಾ, ಟೀ ನೀನು ಮಾಡ್ತೀಯಾ, ನಾನು ಮಾಡ್ಲಾ?"

"ನಾನೇ ಮಾಡ್ತೀನಿ. ನೀನು ಸೋಸಿಕೊಡು" ಅಂದಳು.